ಅಪ್ಪನ ಎಫ್ 8

"ಅಕ್ಷರದ ಮಧ್ಯೆ ತೂತು ಬಿದ್ದ ಹಾಗಿದೆ ಕಣಮ್ಮ" ಅಂತ ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಮಾನಿಟರ್ ಹಾಳಾಗಿರಬೇಕು, ಅಂಗಡಿಯವರಿಗೆ ತೋರಿಸಿ ಅಂದೆ. "ಮಾನಿಟರ್ ಅಲ್ಲ. ಪೇಪರಿನಲ್ಲೂ ತೂತು, ಕ್ಯಾಲೆಂಡರಿನಲ್ಲೂ ತೂತು" ಅಂದರು. ಸ್ವಲ್ಪ ತಡೆದು, "ಎದುರಿಗೆ ಬಂದು ಕೂತೋರ ಮುಖದಲ್ಲೂ" ಅಂದರು.

ಇದು 2023ರ ಮಾತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆದಿದೆ ಎಂದರು. ಮ್ಯಾಕ್ಯುಲಾ ಅಂತಾರಲ್ಲ, ಆ ಜಾಗ. ಈ ಕಾಯಿಲೆಯಲ್ಲಿ ಎರಡು ಬಗೆಯಂತೆ. ಇಂಜೆಕ್ಷನ್ ಕೊಟ್ಟು ತಡೆಯುವಂಥದ್ದು ಇನ್ನೊಂದು ಬಗೆ, ಅಪ್ಪನದ್ದು ಅದಲ್ಲ. ಹೋದ ನೋಟ ವಾಪಸ್ ಬರಲ್ಲ. ಆದರೆ ಅಂಚಿನ ನೋಟ ಉಳಿಯುತ್ತೆ. ಹಾಗಾಗಿ ಅಪ್ಪ ಇವತ್ತಿಗೂ ತಿಪಟೂರಿನ ರಸ್ತೆಗಳಲ್ಲಿ ಒಬ್ಬರೇ ಓಡಾಡುತ್ತಾರೆ, ಮಾರ್ಕೆಟ್‌ಗೆ ಹೋಗಿ ಸೊಪ್ಪು ತರುತ್ತಾರೆ. ಯಾವುದನ್ನು ನೇರವಾಗಿ ನೋಡಬೇಕೋ ಅದು ಮಾತ್ರ ಮಾಯ.

ಅಪ್ಪ ಪತ್ರ ಬರಹಗಾರರು. ಪ್ರೇಮಪತ್ರ ಅಲ್ಲ, ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಭೋಗ್ಯದ ಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಾರಿಯಲ್ಲಿ ಹತ್ತಡಿ ಅಗಲದ ಒಂದು ಕೋಣೆ, ಅದೇ ಅವರ ಆಫೀಸು. ಮೊದಲು ಕೈಬರಹ, ಆಮೇಲೆ ಕನ್ನಡ ಟೈಪ್‌ರೈಟರ್, 2003ರಲ್ಲಿ ಕಂಪ್ಯೂಟರ್. ಕಂಪ್ಯೂಟರ್ ಅಂದರೆ ಅವರ ಪಾಲಿಗೆ ನುಡಿ ತಂತ್ರಾಂಶ. ಇಪ್ಪತ್ತು ವರ್ಷದಲ್ಲಿ ಮಾಡಿದ ಒಂದೊಂದು ಪತ್ರವೂ ಊರು, ವರ್ಷ, ಹೆಸರಿನ ಪ್ರಕಾರ ಫೋಲ್ಡರುಗಳಲ್ಲಿ ಕೂತಿದೆ.

ಬರೆಯೋದು ಆ ಕಸುಬಿನ ಅರ್ಧ. ಉಳಿದರ್ಧ ಓದಿ ಹೇಳೋದು. ಹೆಬ್ಬೆಟ್ಟು ಒತ್ತುವ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, "ಪೂರ್ವಕ್ಕೆ ನಿಮ್ಮ ಮೈದುನನ ಜಮೀನು, ಸರೀನಾ? ಪಶ್ಚಿಮಕ್ಕೆ ಹಳ್ಳ, ಸರೀನಾ?" ಅಂತ ಅಪ್ಪ ಕೇಳುತ್ತಿದ್ದುದನ್ನು ನಾನು ಸ್ಕೂಲು ಬಿಟ್ಟ ಮೇಲೆ ಅಲ್ಲೇ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಾ ಎಷ್ಟು ಸಲ ಕೇಳಿದ್ದೇನೋ. ಅಂಥವರಿಗೆ ಈಗ ಓದೋಕೆ ಆಗ್ತಿಲ್ಲ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಮನುಷ್ಯರು ಸಾವಿರ ಸಲ ಒತ್ತಬೇಕಾದ ಬಟನ್ನನ್ನು ಅವರ ಬದಲು ಒತ್ತುವ ಸ್ಕ್ರಿಪ್ಟ್ ಬರೆಯುವುದೇ ನನ್ನ ಸಂಬಳದ ಮೂಲ. ಆದ್ದರಿಂದ, ಒಂದು ವಾರಾಂತ್ಯ ಕೂತರೆ ಮುಗಿಯುತ್ತೆ ಅಂದುಕೊಂಡೆ. ಮುಗಿಯಲಿಲ್ಲ.

ಮೊದಲು ಹಾಕಿದ್ದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಸ್ವತಃ ಅಂಧರು, 2006ರಲ್ಲಿ ಶುರು ಮಾಡಿದ ಸ್ಕ್ರೀನ್ ರೀಡರ್ ಅದು. ಉಚಿತ, ಮತ್ತು ನಿಜಕ್ಕೂ ಒಳ್ಳೆಯದು. ಪೂರ್ತಿ ಕಣ್ಣು ಕಾಣದವರು ಇಡೀ ಕಂಪ್ಯೂಟರನ್ನು ಅದರಿಂದಲೇ ನಡೆಸುತ್ತಾರೆ. ಆದರೆ ಅಪ್ಪನಿಗೆ ಮೆನು ಎಲ್ಲಿದೆ, ಫೋಲ್ಡರ್ ಎಲ್ಲಿದೆ ಅನ್ನೋದು ಜಾಗದ ಲೆಕ್ಕದಲ್ಲಿ ಗೊತ್ತು. ಮೌಸ್ ಹೋದಲ್ಲೆಲ್ಲ ಅದು ಮಾತಾಡತೊಡಗಿದಾಗ, "ಇದೇನು ಸಂತೆ! ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋದು ಇಲ್ವಾ?" ಅಂದರು.

ಅದಕ್ಕಿಂತ ದೊಡ್ಡ ತೊಂದರೆ ನುಡಿ ಫೈಲುಗಳದ್ದು. ಹಳೇ ಕ್ರಯಪತ್ರ ಒಂದನ್ನು ತೆರೆದು ಓದಿಸಿದರೆ ಯಂತ್ರ ಪೌಂಡ್, ಯೆನ್, ಕಾಪಿರೈಟ್ ಅಂತ ಬಡಬಡಿಸಿತು.

ಇದು ಯಾಕೆ ಅಂತ ಸ್ವಲ್ಪ ಹೇಳಬೇಕು, ಯಾಕಂದ್ರೆ ನಿಮ್ಮ ಮನೆಯ ಹಳೇ ಫೈಲುಗಳಲ್ಲೂ ಇದೇ ಕಥೆ ಇರಬಹುದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ, ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟು ಅಷ್ಟೇ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ನುಡಿ ಫಾಂಟಿನಲ್ಲಿ 'ನ' ಅಂದರೆ ಇಂಗ್ಲೆಂಡಿನ ಪೌಂಡ್ ಚಿಹ್ನೆ, 'ಪ' ಅಂದರೆ ಜಪಾನಿನ ಯೆನ್, 'ಬಿ' ಅಂದರೆ ಕಾಪಿರೈಟ್ ಚಿಹ್ನೆ. ಕ್ರಯಪತ್ರಗಳಲ್ಲಿ ಇಂಥವರ ಮಗ ಅನ್ನೋಕೆ 'ಬಿನ್' ಅಂತ ಬರೀತಾರಲ್ಲ, ಅದು ಬಂದಲ್ಲೆಲ್ಲ ಯಂತ್ರ ಕಾಪಿರೈಟ್ ಅಂದಿತು. ಅಪ್ಪ ತುಂಬಾ ದಿನದ ಮೇಲೆ ಜೋರಾಗಿ ನಕ್ಕರು. "ಮಗ ಅನ್ನೋದಕ್ಕೂ ಕಾಪಿರೈಟ್ ಬಂತಾ!"

ಎಲ್ಲಾ ಫೈಲುಗಳನ್ನೂ ಯೂನಿಕೋಡಿಗೆ ಬದಲಾಯಿಸಿಬಿಡೋಣ ಅಂದೆ. ಒಪ್ಪಲಿಲ್ಲ. ರಿಜಿಸ್ಟ್ರಿ ಆದ ಪತ್ರದ ಫೈಲಿನಲ್ಲಿ ಒಂದು ಚುಕ್ಕೆಯೂ ಅಲುಗಾಡಬಾರದು ಅನ್ನೋದು ಅವರ ನಿಯಮ. ಸರಿ, ಫೈಲ್ ಮುಟ್ಟದೆ ಓದುವಾಗ ಮಾತ್ರ ಬದಲಾಯಿಸುವ ದಾರಿ ಹುಡುಕಬೇಕಾಯಿತು.

ಇಲ್ಲಿ ಬಂತು ಆಟೋಹಾಟ್‌ಕೀ. ವಿಂಡೋಸ್‌ಗೆ ಸಿಗುವ ಉಚಿತ ಸ್ಕ್ರಿಪ್ಟಿಂಗ್ ತಂತ್ರಾಂಶ. ಒಂದು ಕೀ ಒತ್ತಿದರೆ ಇಂತಿಂಥ ಕೆಲಸಗಳನ್ನು ಸಾಲಾಗಿ ಮಾಡು ಅಂತ ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಸಾಕು. ಅದರ ಚೆಂದ ಏನಂದ್ರೆ, ಅದು ಯಾವ ಒಂದು ಪ್ರೋಗ್ರಾಮಿಗೂ ಸೇರಿದ್ದಲ್ಲ. ವರ್ಡ್ ಇರಲಿ, ಬ್ರೌಸರ್ ಇರಲಿ, ಪಿಡಿಎಫ್ ಇರಲಿ, ಎದುರಿಗೆ ಯಾವ ವಿಂಡೋ ಇದೆಯೋ ಅದರಲ್ಲಿ ಕೀ ಒತ್ತಿದ ಹಾಗೆ ನಟಿಸುತ್ತೆ.

ನನ್ನ ಉಪಾಯ ಇಷ್ಟು: ಅಪ್ಪ ಬೇಕಾದ ಭಾಗವನ್ನು ಸೆಲೆಕ್ಟ್ ಮಾಡಿ ಎಫ್ 8 ಒತ್ತಬೇಕು. ಸ್ಕ್ರಿಪ್ಟು ಅವರ ಪರವಾಗಿ ಕಂಟ್ರೋಲ್ ಸಿ ಒತ್ತಿ ಅದನ್ನು ಕ್ಲಿಪ್‌ಬೋರ್ಡಿಗೆ ತರುತ್ತೆ, ಅಲ್ಲಿಂದ ಎತ್ತಿ ಧ್ವನಿ ಪ್ರೋಗ್ರಾಮಿಗೆ ಕೊಡುತ್ತೆ. ಮತ್ತೆ ಎಫ್ 8 ಒತ್ತಿದರೆ ಮಾತು ನಿಲ್ಲಬೇಕು. ಎಫ್ 9 ಒತ್ತಿದರೆ ಕೊನೆಗೆ ಓದಿದ್ದನ್ನೇ ಇನ್ನೊಮ್ಮೆ ಓದಬೇಕು. ಎರಡೂ ಕೀಗಳ ಮೇಲೆ ಒಂದೊಂದು ಚೂರು ಎಂ-ಸೀಲ್ ಅಂಟಿಸಿದೆ, ಬೆರಳಿಗೆ ಸಿಗಲಿ ಅಂತ.

ಧ್ವನಿ ಯಾವುದು? ನಮ್ಮ ಆ ವಿಂಡೋಸ್‌ನಲ್ಲಿದ್ದ ಇಂಗ್ಲಿಷ್ ಧ್ವನಿಗೆ ಕನ್ನಡ ಕೊಟ್ಟರೆ ಮೌನ. ಎಡ್ಜ್ ಬ್ರೌಸರಿನಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ಧ್ವನಿಗಳಿವೆ, ಮನುಷ್ಯರ ಹಾಗೇ ಓದುತ್ತವೆ. ಅಪ್ಪನಿಗೂ ಇಷ್ಟವಾಯಿತು. ಆದರೆ ಅದಕ್ಕೆ ಇಂಟರ್‌ನೆಟ್ ಬೇಕು, ಪಠ್ಯ ಕಂಪನಿಯ ಸರ್ವರ್‌ಗೆ ಹೋಗಿ ಧ್ವನಿಯಾಗಿ ಬರಬೇಕು ಅಂತ ವಿವರಿಸಿದ್ದೇ ತಡ, ಬೇಡ ಅಂದುಬಿಟ್ಟರು. "ಜನ ನಂಬಿ ಕೊಟ್ಟ ಆಸ್ತಿ ಪತ್ರ. ಎಲ್ಲೆಲ್ಲಿಗೋ ಹೋಗಿ ಬರೋದು ಬೇಡ." ನಮ್ಮ ಆಫೀಸಿನಲ್ಲಿ ಡೇಟಾ ಪ್ರೈವೆಸಿ ಬಗ್ಗೆ ವರ್ಷಕ್ಕೊಂದು ಟ್ರೈನಿಂಗ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಇಷ್ಟು ಚುಟುಕಾಗಿ ಯಾರೂ ಹೇಳಿದ್ದಿಲ್ಲ.

ಹಾಗಾಗಿ ಇ-ಸ್ಪೀಕ್ ಎನ್‌ಜಿ. ಕೆಲವೇ ಎಂಬಿ ಗಾತ್ರದ, ಇಂಟರ್‌ನೆಟ್ ಕೇಳದ, ಕನ್ನಡ ಬಲ್ಲ ಉಚಿತ ಧ್ವನಿ. ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿದ್ದಲ್ಲ, ಲೆಕ್ಕ ಹಾಕಿ ಹುಟ್ಟಿಸಿದ ಸದ್ದು. ಕೇಳೋಕೆ ನೆಗಡಿಯಾದ ರೋಬೋಟು. "ನಮ್ಮ ಬಸ್ ಸ್ಟ್ಯಾಂಡಿನ ಹಳೇ ಮೈಕಿನ ಥರ ಇದೆ, ಅಭ್ಯಾಸ ಆಗುತ್ತೆ ಬಿಡು" ಅಂದರು ಅಪ್ಪ.

ಇನ್ನು ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವುದು. ಕ್ಲಿಪ್‌ಬೋರ್ಡಿನಿಂದ ಬರೀ ಪಠ್ಯ ಎತ್ತಿಕೊಂಡರೆ ಫಾಂಟಿನ ಹೆಸರು ಬರಲ್ಲ. ಹಾಗಾಗಿ ಅಕ್ಷರ ನೋಡಿಯೇ ಊಹಿಸಬೇಕು. ಪಠ್ಯದಲ್ಲಿ ನಿಜವಾದ ಕನ್ನಡ ಅಕ್ಷರಗಳಿದ್ದರೆ ಯೂನಿಕೋಡ್, ಸೀದಾ ಓದು. ಕನ್ನಡ ಇಲ್ಲದೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಯುರೋಪಿನ 'ಎ'ಗಳು ಸಾಲುಗಟ್ಟಿದ್ದರೆ ಅದು ನುಡಿ, ಬದಲಾಯಿಸಿ ಓದು. ಎರಡೂ ಅಲ್ಲದಿದ್ದರೆ ಇಂಗ್ಲಿಷ್. ಬದಲಾಯಿಸುವ ಕೋಷ್ಟಕಗಳನ್ನು ಪುಣ್ಯಾತ್ಮರು ಯಾರೋ ಇಂಟರ್‌ನೆಟ್‌ನಲ್ಲಿ ಬಿಟ್ಟಿ ಹಂಚಿದ್ದಾರೆ. ಅವನ್ನೇ ತಂದು ಕೂರಿಸಿದೆ.

ಕೈ ಕೊಟ್ಟಿದ್ದು ಅರ್ಕಾವತ್ತು. 'ಸೂರ್ಯ' ಅಂತ ಬರೆಯುವಾಗ ನಾವು 'ಯ' ಆದ ಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ. ನುಡಿ ಫೈಲಿನಲ್ಲೂ ಅದೇ ಕ್ರಮ. ಆದರೆ ಬಾಯಲ್ಲಿ ಹೇಳುವಾಗ 'ರ್' ಮೊದಲು, 'ಯ' ಆಮೇಲೆ. ಯೂನಿಕೋಡ್ ನಡೆಯೋದು ಬಾಯಿಯ ಕ್ರಮದಲ್ಲಿ. ಅಂದರೆ ಅರ್ಕಾವತ್ತು ಕಂಡಲ್ಲೆಲ್ಲ ಅದನ್ನು ಎತ್ತಿ, ಹಿಂದಿನ ಅಕ್ಷರವನ್ನು ಅದರ ಒತ್ತು ದೀರ್ಘಗಳ ಸಮೇತ ದಾಟಿಸಿ ಮುಂದೆ ಕೂರಿಸಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಪೂರ್ವ 'ಪೂವ್ರ' ಆಯಿತು, ಮಾರ್ಗ 'ಮಾಗ್ರ' ಆಯಿತು. ನಾನು ಲ್ಯಾಪ್‌ಟಾಪ್ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದರೆ, ಅಪ್ಪ ಹಿಂದಿನಿಂದ ಕೇಳಿಸಿಕೊಂಡೇ "ಅಗೋ, ಇನ್ನೊಂದು ಅರ್ಕಾವತ್ತು ಜಾರಿತು" ಅನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕೂತು ತಪ್ಪು ಹಿಡಿಯುವ ಅಂಥ ಟೆಸ್ಟರ್ ನಮ್ಮ ಟೀಮಿನಲ್ಲಿ ಇಲ್ಲ.

ಅದು ಮುಗಿದ ಮೇಲೆ ಕಸುಬಿನ ಭಾಷೆ. 'ಸ.ನಂ.' ಅಂತ ಬಂದರೆ ಎರಡು ಕಡೆ ನಿಂತು ನಿಂತು ಓದುತ್ತಿತ್ತು. ಅದನ್ನು 'ಸರ್ವೆ ನಂಬರ್' ಮಾಡಿದೆ. ವಿಸ್ತೀರ್ಣದ ಜಾಗದಲ್ಲಿ 1-20 ಅಂತಿದ್ದರೆ ಅಪ್ಪನಿಗೆ ಅದು ಒಂದು ಎಕರೆ ಇಪ್ಪತ್ತು ಗುಂಟೆ ಅಂತ ಕೇಳಿಸಬೇಕು. ಅದಕ್ಕೊಂದು ನಿಯಮ ಬರೆದರೆ ಎರಡನೇ ಸಂಖ್ಯೆ 40 ದಾಟಿದಾಗಲೂ ಗುಂಟೆ ಅಂದಿತು. ನಲವತ್ತು ಗುಂಟೆಗೆ ಒಂದು ಎಕರೆ ಆಗಿಬಿಡುತ್ತಲ್ಲ, ಅದು ಬೇರೆ ಏನೋ ನಂಬರ್ ಇರಬೇಕು ಅಂತ ಅಪ್ಪನೇ ಹೇಳಿಕೊಟ್ಟರು. ಹೀಗೆ ಶನಿವಾರ ಭಾನುವಾರಗಳು ಕಳೆದವು. ನಮ್ಮಿಬ್ಬರ ಮಧ್ಯೆ ಇಷ್ಟು ಮಾತು ನಡೆದದ್ದು ಅಮ್ಮ ಹೋದ ಮೇಲೆ ಅದೇ ಮೊದಲು.

ಈಗ ತಪ್ಪೊಪ್ಪಿಗೆ.

ಶುರುವಿನಿಂದಲೂ ಒಂದು ಬಗ್ ಇತ್ತು. ದೊಡ್ಡ ವರ್ಡ್ ಫೈಲ್ ಆದರೆ ಕೆಲವು ಸಲ ಈಗ ಸೆಲೆಕ್ಟ್ ಮಾಡಿದ್ದನ್ನು ಬಿಟ್ಟು ಹಿಂದಿನ ಸಲದ್ದನ್ನೇ ಓದುತ್ತಿತ್ತು. ಕಾರಣ ನನಗೆ ಗೊತ್ತಿತ್ತು: ಕಂಟ್ರೋಲ್ ಸಿ ಒತ್ತಿದ ಮೇಲೆ ಪಠ್ಯ ಕ್ಲಿಪ್‌ಬೋರ್ಡಿಗೆ ಬರೋಕೆ ಕೊಂಚ ಹೊತ್ತು ಬೇಕು, ಅಷ್ಟರಲ್ಲಿ ಸ್ಕ್ರಿಪ್ಟು ಕೈ ಹಾಕಿದರೆ ಹಳೆಯದೇ ಸಿಗುತ್ತೆ. ಸರಿಯಾದ ದಾರಿ, ಮೊದಲು ಕ್ಲಿಪ್‌ಬೋರ್ಡ್ ಖಾಲಿ ಮಾಡಿ, ಆಮೇಲೆ ಕಾಪಿ ಮಾಡಿ, ಏನಾದರೂ ಬರುವವರೆಗೆ ಕಾಯುವುದು. ಆಟೋಹಾಟ್‌ಕೀಯಲ್ಲಿ ಹಾಗೆ ಕಾಯಲೆಂದೇ ಕ್ಲಿಪ್‌ವೇಟ್ ಅನ್ನೋ ಆಜ್ಞೆ ಇದೆ. ಕೊಟ್ಟ ಹೊತ್ತಿನಲ್ಲಿ ಏನೂ ಬರದಿದ್ದರೆ ಸುಮ್ಮನಿದ್ದುಬಿಡಬಹುದು. ನಾನು ಮಾಡಿದ್ದು ಅರ್ಧ ಸೆಕೆಂಡ್ ಸುಮ್ಮನೆ ಕಾಯಿಸಿದ್ದು, ಅಷ್ಟೆ. ಆಫೀಸಿನಲ್ಲಿ ಜೂನಿಯರ್ ಯಾರಾದರೂ ಹೀಗೆ ಮಾಡಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ನಾನು ಅಪ್ಪನ ಕಂಪ್ಯೂಟರಿನಲ್ಲೇ ವಾಟ್ಸಾಪ್ ತೆರೆದು ಪುಣೆಯಲ್ಲಿರುವ ಅಣ್ಣನಿಗೆ ಮೆಸೇಜ್ ಟೈಪ್ ಮಾಡಿದೆ. ಅತ್ತಿಗೆಗೂ ಅದನ್ನೇ ಕಳಿಸೋಣ ಅಂತ ಕಾಪಿ ಮಾಡಿದೆ. ಕಳಿಸಿ, ವಿಂಡೋ ಮುಚ್ಚಿ, ಉಪ್ಪಿಟ್ಟು ಮಾಡೋಕೆ ಅಡುಗೆಮನೆಗೆ ಹೋದೆ.

ಅಪ್ಪ ಬಂದು ಕೂತರು. ಯಾರದ್ದೋ ಹಳೇ ಪತ್ರದ ಪಿಡಿಎಫ್ ತೆರೆದರು. ಸ್ಕ್ಯಾನ್ ಮಾಡಿದ ಪ್ರತಿ, ಅಂದರೆ ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಕಾಪಿ ಆಗಲು ಏನೂ ಇಲ್ಲ. ಎಫ್ 8 ಒತ್ತಿದರು. ಕ್ಲಿಪ್‌ಬೋರ್ಡಿನಲ್ಲಿ ಉಳಿದಿದ್ದದ್ದು ನನ್ನ ಮೆಸೇಜು.

ರವೆ ಹುರಿಯುತ್ತಾ ಇದ್ದವಳಿಗೆ ಆ ನೆಗಡಿಯ ದನಿ ಕೇಳಿಸಿತು. ಸರ್ವೆ ನಂಬರ್ ಓದುವ ಅದೇ ರಾಗದಲ್ಲಿ: "ಅಪ್ಪನಿಗೆ ಇನ್ನು ಆಗಲ್ಲ. ಸುಮ್ಮನೆ ಆಫೀಸು ಅಂತ ಹೋಗಿ ಕೂರ್ತಾರೆ. ಅದನ್ನ ಮುಚ್ಚಿಸಿ, ಈ ಮನೆ ಮಾರಿ, ಬೆಂಗಳೂರಿಗೆ ಕರ್ಕೊಂಡು ಬಂದುಬಿಡೋಣ. ಗಿರಾಕಿ ಗೊತ್ತಾದ ಮೇಲೆ ಹೇಳಿದರಾಯ್ತು, ಈಗಲೇ ಅವರಿಗೆ ಹೇಳಬೇಡ."

ಸೌಟು ಹಿಡಿದುಕೊಂಡು ಹಾಗೇ ನಿಂತೆ. ಓಡಿ ಹೋಗಿ ಏನಾದರೂ ಹೇಳಬೇಕು ಅನ್ನಿಸಿತು, ಕಾಲು ಬರಲಿಲ್ಲ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಪ್ಪ ಎಫ್ 9 ಒತ್ತಿದರು. ಇನ್ನೊಂದು ಸಲ ಪೂರ್ತಿ ಓದಿತು, ಶುರುವಿನಿಂದ ಕೊನೆಯ "ಹೇಳಬೇಡ"ವರೆಗೆ.

"ರವೆ ಸೀದ ವಾಸನೆ ಬರ್ತಿದೆ ನೋಡು" ಅಂದರು ಅಪ್ಪ, ಅಲ್ಲಿಂದಲೇ.

ತಿಂಡಿ ತಿನ್ನುವಾಗ ಮಾತಿಲ್ಲ. ಮಧ್ಯಾಹ್ನ ಎಂದಿನಂತೆ ಒಂದು ಗಳಿಗೆ ಮಲಗಿದರು. ನಾನು ಸಂಜೆಯ ರೈಲಿಗೆ ಹೊರಡಬೇಕಿತ್ತು. ಹೊರಡಲಿಲ್ಲ, ಆಫೀಸಿಗೆ ರಜಾ ಹಾಕಿದೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ನಾನೇ ಬಾಯಿ ತೆಗೆದೆ. ಬೇರೆಯವರು ಮೋಸ ಮಾಡಿಬಿಟ್ಟರೆ, ರಾತ್ರಿ ಹೊತ್ತು ಬಿದ್ದುಬಿಟ್ಟರೆ, ಅಂತೆಲ್ಲ ಭಯ ಅಂದೆ. ಅದು ಸುಳ್ಳೇನಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡರು. ನನ್ನ ಮುಖ ಕಾಣಲಿ ಅಂತ ತಲೆ ಸ್ವಲ್ಪ ಓರೆ ಮಾಡಿ, ಅಂಚಿನ ಕಣ್ಣಿನಲ್ಲಿ ನೋಡಿದರು.

"ಬೆಂಗಳೂರಿಗೆ ಬರೋದು ಬಿಡೋದು ಆಮೇಲಿನ ಮಾತು. ಓದಿ ಹೇಳದೆ ಯಾರ ಹತ್ರಾನೂ ಹೆಬ್ಬೆಟ್ಟು ಒತ್ತಿಸಿಲ್ಲಮ್ಮ ನಾನು, ಇಷ್ಟು ವರ್ಷದಲ್ಲಿ" ಅಂದರು.

ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಆರು ತಿಂಗಳು ಅಪ್ಪ ಯಾರನ್ನೂ ಕೇಳದೆ ತಾವೇ ಓದಿಕೊಳ್ಳಲಿ ಅಂತ ಒದ್ದಾಡಿದವಳೂ ನಾನೇ, ಅವರ ಮನೆಯ ವಿಷಯ ಅವರಿಗೆ ಹೇಳಬೇಡ ಅಂತ ಬರೆದವಳೂ ನಾನೇ.

ಸ್ವಲ್ಪ ಹೊತ್ತಾದ ಮೇಲೆ ಅವರೇ, "ಮಾರೋದೇ ಆದ್ರೆ ಪತ್ರ ನಾನೇ ಬರೀತೀನಿ. ನೀನು ಬರೆದಿದ್ದರಲ್ಲಿ ಚೆಕ್ಕುಬಂದೀನೇ ಇಲ್ಲ" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಮಾರನೇ ದಿನ ಬೆಳಿಗ್ಗೆ ಮೊದಲ ಕೆಲಸ ಆ ಬಗ್ ಸರಿಪಡಿಸಿದ್ದು. ಕಾಪಿ ಮಾಡುವ ಮುಂಚೆ ಕ್ಲಿಪ್‌ಬೋರ್ಡ್ ಖಾಲಿ ಮಾಡು: ಒಂದೇ ಸಾಲು. ಏನೂ ಸಿಗದಿದ್ದರೆ "ಇಲ್ಲಿ ಓದಲು ಅಕ್ಷರ ಇಲ್ಲ" ಅಂತ ಹೇಳು: ಇನ್ನೆರಡು ಸಾಲು. ಸ್ಕ್ಯಾನ್ ಆದ ಪತ್ರಗಳಿಗೆ ಟೆಸರಾಕ್ಟ್ ಅನ್ನೋ ಉಚಿತ ಪ್ರೋಗ್ರಾಂ ಜೋಡಿಸಿದೆ, ಅದು ಚಿತ್ರದಿಂದ ಕನ್ನಡ ಅಕ್ಷರ ಗುರುತಿಸುತ್ತೆ. ಅಚ್ಚಾದದ್ದನ್ನು ಪರವಾಗಿಲ್ಲ ಅನ್ನುವಷ್ಟು ಓದುತ್ತೆ, ಕೈಬರಹವನ್ನು ಕೆಡಿಸುತ್ತೆ. ಅಪ್ಪನ ಕೈಬರಹದ ಹಳೇ ಪತ್ರಗಳು ಹಾಗೇ ಉಳಿದಿವೆ.

ಅಣ್ಣ ಬಂದು ಒಂದು ವಾರ ಇದ್ದು ಹೋದ. ಮನೆ ವಿಷಯ ತೀರ್ಮಾನ ಆಗಿಲ್ಲ. ಮೂರೂ ಜನ ಕೂತು ಮಾತಾಡಿದೆವು, ಜಗಳವೂ ಆಯಿತು. ಬಾತ್‌ರೂಮಿಗೆ ಹಿಡಿಕೆ ಹಾಕಿಸಿದ್ದೇವೆ. ಆಫೀಸಿಗೆ ಬಿ.ಕಾಂ. ಓದುತ್ತಿರುವ ಹುಡುಗನೊಬ್ಬ ಮಧ್ಯಾಹ್ನದ ಮೇಲೆ ಬರುತ್ತಾನೆ. ಅವನು ಟೈಪ್ ಮಾಡುತ್ತಾನೆ, ಅಪ್ಪ ಹೇಳಿ ಬರೆಸುತ್ತಾರೆ. ಮುಗಿದ ಮೇಲೆ ಅವನನ್ನು ಆಚೆ ಟೀ ತರಲು ಕಳಿಸಿ, ಎಫ್ 8 ಒತ್ತಿ, ಒಂದೊಂದು ಸಾಲನ್ನೂ ಕೇಳಿ ತಪ್ಪು ಹಿಡಿಯುತ್ತಾರಂತೆ. ಹೆಬ್ಬೆಟ್ಟಿನವರು ಬಂದರೆ ಸ್ಪೀಕರ್ ಅವರ ಕಡೆ ತಿರುಗಿಸುತ್ತಾರೆ. ಯಂತ್ರ ಒಂದು ವಾಕ್ಯ ಓದುತ್ತೆ, ಅಪ್ಪ ನಿಲ್ಲಿಸಿ "ಸರೀನಾ?" ಅಂತ ಕೇಳುತ್ತಾರೆ.

ಹೋದ ವಾರ ಫೋನ್ ಬಂತು. ಚೆಕ್ಕುಬಂದಿಯಲ್ಲಿ ದಿಕ್ಕುಗಳನ್ನು ಪೂ, ಪ, ಉ, ದ ಅಂತ ಒಂದೊಂದೇ ಅಕ್ಷರದಲ್ಲಿ ಬರೆದಿದ್ದರೆ ಯಂತ್ರವೂ ಹಾಗೇ ಓದುತ್ತೆ, ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತ ದೂರು. ಬೆಂಗಳೂರಿನಿಂದಲೇ ಅವರ ಕಂಪ್ಯೂಟರಿಗೆ ಕನೆಕ್ಟ್ ಆಗಿ ನಾಲ್ಕು ಸಾಲು ಸೇರಿಸಿದೆ. ಯಾವುದಾದರೂ ಪತ್ರ ತೆರೆದು ನೋಡಿ ಅಂದೆ. ಅಪ್ಪ ತೆರೆದದ್ದು ನಮ್ಮ ಮನೆಯ ಕ್ರಯಪತ್ರದ ನಕಲನ್ನು. ಫೋನಿನಲ್ಲಿ ನನಗೂ ಕೇಳಿಸಿತು. ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಖಾಲಿ ನಿವೇಶನ. ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ತೆಂಗಿನ ತೋಟ.

"ತೋಟ ಎಲ್ಲಿದೆ ಈಗ, ಮೂರು ಮನೆ ಎದ್ದಿವೆ" ಅಂದರು. "ಓದೋದೇನೋ ಸರಿ ಓದುತ್ತೆ. ಆದರೆ ತುಂಬಾ ನಿಧಾನ ಕಣಮ್ಮ, ನಿದ್ದೆ ಬರುತ್ತೆ. ಸ್ವಲ್ಪ ಜೋರು ಮಾಡು."

ನಿಮಿಷಕ್ಕೆ 120 ಪದ ಇಟ್ಟಿದ್ದೆ. 140 ಮಾಡಿದ್ದೇನೆ.